ಬೇತಾಳನನ್ನು ಹೊತ್ತು ನಾಲ್ಕು ದಿನದ ದಾರಿ

ಪ್ರಶ್ನೆ: ನಾನು ದಾವಣಗೆರೆಯವನು. ನನ್ನ ತಮ್ಮ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದ್ದಾನೆ. ಹೋದ ವರ್ಷ ಅವನ ಸಂಸಾರವು ಅಲ್ಲಿನ ಹಳೆಯ ಕಾಲದ ಭಯದ ಟೀವಿ ಧಾರಾವಾಹಿಗಳಿಗೆ ಸಂಬಂಧಪಟ್ಟ ಊರುಗಳನ್ನೆಲ್ಲ ಕಾರಿನಲ್ಲಿ ಸುತ್ತಿ ಬಂದಿತು. ಈ ಡಿಸೆಂಬರಿನಲ್ಲಿ ಅವರು ಊರಿಗೆ ಬರುತ್ತಿದ್ದಾರೆ. ನಾವಿಬ್ಬರೂ ಹುಡುಗರಾಗಿದ್ದಾಗ ಪಕ್ಕದ ಮನೆಯ ಟೀವಿಯ ಮುಂದೆ ಕೂತು ಹೆದರಿದ ಧಾರಾವಾಹಿಗಳನ್ನು ಹಿಡಿದು ಇಲ್ಲಿಯೂ ಅಂಥದೊಂದು ಪ್ರವಾಸ ಮಾಡಲು ಸಾಧ್ಯವೇ? ನಾಲ್ಕು ದಿನಗಳಿವೆ. 10 ಮತ್ತು 14 ವರ್ಷದ ಇಬ್ಬರು ಮಕ್ಕಳು, 74 ವರ್ಷದ ಅಪ್ಪಾಜಿ ಸೇರಿ ಏಳು ಜನ ಇದ್ದೇವೆ. ರಾತ್ರಿ ಹೊತ್ತು ಯಾವ ದೆವ್ವದ ಜಾಗಕ್ಕೆ ಹೋಗಬಹುದು ಎಂಬುದನ್ನೂ ತಿಳಿಸಿ.

ಉತ್ತರ: ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ರಾತ್ರಿ ಹೊತ್ತು ಯಾವ ಜಾಗಕ್ಕೂ ಹೋಗಬೇಡಿ. ಚಿತ್ರದುರ್ಗದಲ್ಲಿ ಕುಳಿತು ಇಪ್ಪತ್ತು ವರ್ಷಗಳಿಂದ ಜನರಿಗೆ ಪ್ರವಾಸದ ದಾರಿ ಹಾಕಿಕೊಡುತ್ತಿರುವ ನಾನು ಈ ಒಂದು ವಿಷಯದಲ್ಲಿ ಮಾತ್ರ ಹಟಮಾರಿ. ಕತ್ತಲಾದ ಮೇಲೆ ಕೋಟೆಯ ಬಾಗಿಲು ಮುಚ್ಚಿರುತ್ತದೆ, ಕಾಡಿನ ಗೇಟು ಹಾಕಿರುತ್ತದೆ, ಮತ್ತು ನಮ್ಮ ಬೆಟ್ಟಗಳಲ್ಲಿ ಆ ಹೊತ್ತಿಗೆ ಹೊರಡುವುದು ಕರಡಿ ಮತ್ತು ಚಿರತೆ. ಪಾಳುಬಿದ್ದ ಬಂಗಲೆ, ಸ್ಮಶಾನ, ಆತ್ಮಹತ್ಯೆ ನಡೆದ ತಿರುವು ಎಂದು ಮೊಬೈಲಿನಲ್ಲಿ ಹರಿದಾಡುವ ಪಟ್ಟಿಗಳಲ್ಲಿರುವ ಜಾಗಗಳೆಲ್ಲ ಯಾರದೋ ಆಸ್ತಿ, ಯಾರದೋ ದುಃಖ. ಅಲ್ಲಿಗೆ ಏಳು ಜನ ಕಾರಿನಲ್ಲಿ ಹೋಗಿ ಟಾರ್ಚು ಬಿಡುವುದು ಸಭ್ಯತೆಯಲ್ಲ.

ಆದರೆ ನಿಮ್ಮ ಮೂಲ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಇಂಥ ಪ್ರವಾಸ ಖಂಡಿತ ಸಾಧ್ಯ. ಅದನ್ನು ಯೋಜಿಸುವ ಮೊದಲು ಆ ಧಾರಾವಾಹಿಗಳು ನಮ್ಮನ್ನು ಹೇಗೆ ಹೆದರಿಸುತ್ತಿದ್ದವು ಎಂಬುದನ್ನು ನೆನಪಿಸಿಕೊಳ್ಳಬೇಕು. ಅವುಗಳ ಬಳಿ ಹಣವೂ ಇರಲಿಲ್ಲ, ತಂತ್ರವೂ ಇರಲಿಲ್ಲ. 1985ರಲ್ಲಿ ದೂರದರ್ಶನದಲ್ಲಿ ಬಂದ ‘ವಿಕ್ರಮ್ ಔರ್ ಬೇತಾಳ್’ನ ಬೇತಾಳ ಬಿಳಿಕೂದಲಿನ ಒಬ್ಬ ಮುದುಕ, ಅಷ್ಟೆ. ಆದರೂ ಅವನು ರಾಜನ ಹೆಗಲಿನಿಂದ ನಗುತ್ತ ಹಾರಿಹೋದಾಗ ನಾವು ಕಂಬಳಿ ಎಳೆದುಕೊಳ್ಳುತ್ತಿದ್ದೆವು. ಭಯ ಹುಟ್ಟುತ್ತಿದ್ದದ್ದು ತೋರಿಸಿದ್ದರಿಂದಲ್ಲ, ತಡೆದು ಇಟ್ಟದ್ದರಿಂದ. ಒಂದು ನೆರಳು, ಒಂದು ಕಿರ್ರೆನ್ನುವ ಬಾಗಿಲು, ಆಮೇಲೆ ಮುಂದಿನ ವಾರದವರೆಗೆ ಕಾಯುವುದು. ಅದರ ನಡುವೆ ಕರೆಂಟು ಹೋದರಂತೂ ಉಳಿದ ಕಥೆಯನ್ನು ಕತ್ತಲೆಯೇ ಹೇಳುತ್ತಿತ್ತು. ಆದ್ದರಿಂದ ನಿಮ್ಮ ಪ್ರವಾಸವನ್ನೂ ಹಾಗೆಯೇ ಕಟ್ಟಬೇಕು: ಜಾಗಗಳನ್ನು ಹಗಲಿನಲ್ಲಿ ನೋಡುವುದು, ದಿನಕ್ಕೊಂದು ಮುಸ್ಸಂಜೆಯನ್ನು ಮಾತ್ರ ಒಂದೇ ಒಂದು ಜಾಗಕ್ಕೆ ಮೀಸಲಿಡುವುದು, ರಾತ್ರಿ ಕೋಣೆಯೊಳಗೆ ಆ ದಿನದ ಜಾಗಕ್ಕೆ ಹೊಂದುವ ಕಥೆಯನ್ನೋ ಕಂತನ್ನೋ ಇಟ್ಟುಕೊಳ್ಳುವುದು. ಕಣ್ಣು ಹಗಲಿನಲ್ಲಿ ಕಂಡದ್ದನ್ನು ಮನಸ್ಸು ಇರುಳಿನಲ್ಲಿ ದೊಡ್ಡದು ಮಾಡಿಕೊಳ್ಳುತ್ತದೆ.

ನಿಮ್ಮ ತಮ್ಮನವರು ಹೋಗಿ ಬಂದ ದಾರಿಯನ್ನು ನೀವು ಬಿಡಿಸಿ ಬರೆದಿಲ್ಲ, ಆದರೆ ಆ ಭಾಗದಲ್ಲಿ ಇಂಥ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಬಿಂಗ್‌ಹ್ಯಾಮ್ಟನ್ ಊರನ್ನು ಬಿಡುವುದಿಲ್ಲ. 1959ರಿಂದ 1964ರವರೆಗೆ 156 ಕಂತುಗಳಲ್ಲಿ ಬಂದ ‘ದಿ ಟ್ವಿಲೈಟ್ ಝೋನ್’ ಸರಣಿಯನ್ನು ರೂಪಿಸಿದ ರಾಡ್ ಸರ್ಲಿಂಗ್ ಬೆಳೆದ ಊರು ಅದು. ಅಲ್ಲಿನ ಉದ್ಯಾನದಲ್ಲಿ ಒಂದು ಹಳೆಯ ಮರದ ಕುದುರೆಗಳ ರಾಟೆ ಇದೆ. ತನ್ನ ಬಾಲ್ಯದ ಊರಿಗೆ ಕಾಲ್ನಡಿಗೆಯಲ್ಲಿ ಹೋದವನು ಅಲ್ಲಿ ಹುಡುಗನಾಗಿರುವ ತನ್ನನ್ನೇ ಕಾಣುವ ಒಂದು ಕಂತಿನಲ್ಲಿಯೂ ಅಂಥದೇ ರಾಟೆ ತಿರುಗುತ್ತದೆ. ರೋಡ್ ಐಲೆಂಡಿನ ನ್ಯೂಪೋರ್ಟಿನಲ್ಲಿ ‘ಡಾರ್ಕ್ ಶ್ಯಾಡೋಸ್’ ಧಾರಾವಾಹಿಯಲ್ಲಿ ಹೊರಗಿನಿಂದ ತೋರಿಸುತ್ತಿದ್ದ ಮಹಲು ಇದೆ. ನ್ಯೂಜೆರ್ಸಿಯ ವೆಸ್ಟ್‌ಫೀಲ್ಡ್, ‘ಆಡಮ್ಸ್ ಫ್ಯಾಮಿಲಿ’ ಎಂಬ ಟೀವಿ ಧಾರಾವಾಹಿಗೆ ಮೂಲವಾದ ವ್ಯಂಗ್ಯಚಿತ್ರಗಳನ್ನು ಬರೆದ ಚಾರ್ಲ್ಸ್ ಆಡಮ್ಸ್ ಹುಟ್ಟಿದ ಊರು. ಈ ಮೂರರಲ್ಲಿ ಒಂದು ಊರಿನಲ್ಲಿಯೂ ದೆವ್ವ ಕಂಡಿತೆಂದು ಜನ ಹೋಗುವುದಿಲ್ಲ ಎಂಬುದನ್ನು ಗಮನಿಸಿ. ಒಂದು ಕಥೆಗಾರನ ಊರು, ಒಂದು ಚಿತ್ರೀಕರಣದ ಮನೆ, ಒಂದು ಕಲ್ಪನೆ ಮೊಳೆತ ಬೀದಿ. ನಮಗೂ ಇದೇ ಅಳತೆ ಸಾಕು. ಕಥೆಗೆ ಹೋಲುವ ಜಾಗ ಚಿತ್ರದುರ್ಗದಲ್ಲಿದೆ, ಕಥೆಯೇ ಮುಳುಗಿರುವ ಜಾಗ ಚನ್ನಗಿರಿ ತಾಲ್ಲೂಕಿನಲ್ಲಿದೆ, ನಿಜವಾಗಿ ಧಾರಾವಾಹಿ ತೆಗೆದ ಜಾಗ ಮಲೆನಾಡಿನಲ್ಲಿದೆ. ಮೂರನ್ನೂ ನಾಲ್ಕು ದಿನಗಳಲ್ಲಿ ಆತುರವಿಲ್ಲದೆ ಮುಗಿಸಬಹುದು.

ಮೊದಲ ದಿನ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಹೊರಟರೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರು. ಬೆಳಿಗ್ಗೆಯೇ ಚಿತ್ರದುರ್ಗ ಸೇರುತ್ತೀರಿ. ನೇರವಾಗಿ ಕೋಟೆಗೆ ಹೋಗಬೇಡಿ, ಚಂದ್ರವಳ್ಳಿಗೆ ಹೋಗಿ. ಕದಂಬರ ಮಯೂರಶರ್ಮನ ಶಾಸನವಿರುವ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ ಜಾಗವೆಂದು ಪಠ್ಯಪುಸ್ತಕಗಳು ಅದನ್ನು ಬಲ್ಲವು. ನಿಮಗೆ ಬೇಕಾದದ್ದು ಅಲ್ಲಿಯ ಅಂಕಲಿ ಮಠ. ಬಂಡೆಗಳ ಅಡಿಯಲ್ಲಿ ನೆಲದೊಳಕ್ಕೆ ಇಳಿಯುತ್ತ ಹೋಗುವ ಕೋಣೆಗಳ ಸಾಲು ಅದು. ಹೊರಗೆ ಉರಿಬಿಸಿಲಿದ್ದರೂ ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ನಿಮ್ಮ ಕೈ ನಿಮಗೆ ಕಾಣದು. ಕೋಣೆಯಿಂದ ಕೋಣೆಗೆ ತಲೆ ಬಗ್ಗಿಸಿ ನುಸುಳಬೇಕು. ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಇಳಿಯಲೇಬಾರದು, ಮತ್ತು ಅವರ ಟಾರ್ಚನ್ನಷ್ಟೇ ನಂಬದೆ ನಿಮ್ಮದೂ ಎರಡು ಇರಬೇಕು. ಒಮ್ಮೆ ನಾನು ಒಂದು ಗುಂಪಿನೊಂದಿಗೆ ಒಳಗಿದ್ದಾಗ, ಎಲ್ಲರ ಬಳಿ ಮೊಬೈಲ್ ಇದೆಯಲ್ಲ ಎಂಬ ಉಡಾಫೆಯಲ್ಲಿ ಬ್ಯಾಟರಿ ನೋಡಿಕೊಂಡಿರಲಿಲ್ಲ. ಇದ್ದೊಂದು ಟಾರ್ಚು ಕೈಕೊಟ್ಟು, ಯಾರೋ ಜೇಬಿನಿಂದ ಮೊಬೈಲು ತೆಗೆದು ಬೆಳಕು ಮಾಡುವವರೆಗಿನ ಆ ಅರ್ಧ ನಿಮಿಷ ಒಬ್ಬರೂ ಉಸಿರೆತ್ತಲಿಲ್ಲ. ಈಗ ಅದನ್ನೇ ಬೇಕೆಂದು ಮಾಡಿಸುತ್ತೇನೆ. ಒಳಗಿನ ಕೋಣೆಯಲ್ಲಿ ಎಲ್ಲರೂ ಕುಳಿತ ಮೇಲೆ, ಮಕ್ಕಳಿಗೆ ಮೊದಲೇ ಹೇಳಿ, ಅವರ ಕೈ ಹಿಡಿದುಕೊಂಡು, ಒಂದು ನಿಮಿಷ ದೀಪ ಆರಿಸಿ ಸುಮ್ಮನಿರಿ. ಯಾರೂ ಹೂಂಕರಿಸಬಾರದು, ಯಾರೂ ಯಾರನ್ನೂ ಮುಟ್ಟಿ ಬೆಚ್ಚಿಬೀಳಿಸಬಾರದು. ಅಷ್ಟು ಸಾಕು. ಅಪ್ಪಾಜಿಯವರು ಇಳಿಯುವುದು ಬೇಡ. ಮೆಟ್ಟಿಲುಗಳು ಸವೆದಿವೆ, ಒಳಗೆ ಗಾಳಿ ಕಡಿಮೆ. ಅವರು ಹೊರಗೆ ಕೆರೆಯ ಕಡೆ ಮುಖ ಮಾಡಿ ಕುಳಿತಿರಲಿ. ಅವರಿಗೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇನೆ.

ಮಧ್ಯಾಹ್ನ ಊಟ ಮಾಡಿ ಮಲಗಿ. ಮೂರೂವರೆಯ ಹೊತ್ತಿಗೆ ಕೋಟೆ ಹತ್ತಿ. 1989ರಲ್ಲಿ ದೂರದರ್ಶನದಲ್ಲಿ ‘ಕಿಲೇ ಕಾ ರಹಸ್ಯ’ ಬರುತ್ತಿದ್ದಾಗ ಹಿಂದಿ ಅರ್ಧ ಮಾತ್ರ ತಿಳಿಯುತ್ತಿದ್ದ ನಮ್ಮ ಊರಿನ ಹುಡುಗರಿಗೆ ಆ ಹೆಸರು ಮಾತ್ರ ಪೂರ್ತಿ ಅರ್ಥವಾಗಿತ್ತು, ಏಕೆಂದರೆ ರಹಸ್ಯವಿರುವ ಕೋಟೆಯೊಂದು ನಮ್ಮ ಬೆನ್ನ ಹಿಂದೆಯೇ ಇತ್ತು. ಏಳು ಸುತ್ತಿನ ಈ ಕೋಟೆಗೆ 19 ಹೆಬ್ಬಾಗಿಲು, 35 ಕಳ್ಳದಾರಿ, ಅವೂ ಸಾಲದೆ ಕಣ್ಣಿಗೆ ಕಾಣದ 4 ಗುಪ್ತದಾರಿಗಳಿವೆ ಎಂಬ ಲೆಕ್ಕ ಇಲ್ಲಿ ವಾಡಿಕೆಯಲ್ಲಿದೆ. ಕಾಣದ ದಾರಿಗಳನ್ನು ಎಣಿಸಿದವರು ಯಾರು ಎಂದು ನಿಮ್ಮ 14ರ ಮಗು ಕೇಳಿದರೆ ಅದು ಸರಿಯಾದ ಪ್ರಶ್ನೆ, ಉತ್ತರಿಸಲು ಹೋಗಬೇಡಿ. ಹಿಡಿಂಬೇಶ್ವರ ಗುಡಿಯಲ್ಲಿ ರಾಕ್ಷಸ ಹಿಡಿಂಬನ ಹಲ್ಲೆಂದು ತೋರಿಸುವ ವಸ್ತುವನ್ನು ಕೇಳಿ ನೋಡಿ. ಭೀಮ ಅವನನ್ನು ಕೊಂದದ್ದು ಈ ಬೆಟ್ಟದಲ್ಲಿಯೇ ಎಂಬುದು ಊರಿನ ನಂಬಿಕೆ. ಓಬವ್ವನ ಕಿಂಡಿಯನ್ನು ಮಾತ್ರ ಭಯದ ಪಟ್ಟಿಗೆ ಸೇರಿಸಬೇಡಿ. ಅದು ನಮಗೆ ಗೌರವದ ಜಾಗ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದ ಆ ಸಂದಿಯನ್ನು ಕಂಡ ಮೇಲೆ ಒನಕೆಯ ಕಥೆಯನ್ನು ನೇರವಾಗಿ, ಬಣ್ಣ ಹಚ್ಚದೆ ಮಕ್ಕಳಿಗೆ ಹೇಳಿ.

ಮುಖ್ಯವಾದದ್ದು ಕೊನೆಯ ಮುಕ್ಕಾಲು ಗಂಟೆ. ಬಿಸಿಲು ಓರೆಯಾದಂತೆ ಆನೆಯಂತೆ, ಕಪ್ಪೆಯಂತೆ ಕಾಣುತ್ತಿದ್ದ ಬಂಡೆಗಳು ಬೇರೆ ಏನೋ ಆಗತೊಡಗುತ್ತವೆ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ನಿಧಾನವಾಗಿ ಸುತ್ತುತ್ತಿರುತ್ತವೆ. ಕಲ್ಲಿನ ಸಂದುಗಳಲ್ಲಿ ಗಾಳಿ ನುಗ್ಗುವ ಸದ್ದು ಕೇಳಲೆಂದೇ ಎಲ್ಲರೂ ಒಂದು ಕಡೆ ಕುಳಿತುಕೊಳ್ಳಿ. ಕೂಗಾಡಬಾರದು, ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಅದಕ್ಕೆ ನಿಮ್ಮ ಪ್ರವಾಸದ ವಿಷಯ ಗೊತ್ತಿರುವುದಿಲ್ಲ. ಕಾವಲಿನವರು ಸಿಳ್ಳೆ ಹಾಕುವ ಮೊದಲೇ ಇಳಿಯಲು ಆರಂಭಿಸಿ.

ರಾತ್ರಿಯ ಏರ್ಪಾಡು ಹೀಗಿರಲಿ. ಹೋಟೆಲಿನ ದೊಡ್ಡ ಟೀವಿಯನ್ನು ನಂಬಬೇಡಿ. ಹಳೆಯ ಕಂತುಗಳಲ್ಲಿ ಅಂತರಜಾಲದಲ್ಲಿ ಸಿಗುವವನ್ನು ಊರಿನಲ್ಲಿದ್ದಾಗಲೇ ಇಳಿಸಿಕೊಂಡು, ಒಂದು ಸಣ್ಣ ಪ್ರೊಜೆಕ್ಟರನ್ನು ಬಾಡಿಗೆಗೆ ತೆಗೆದುಕೊಂಡು, ಅಪ್ಪಾಜಿಯವರ ಬಿಳಿ ಪಂಚೆಯನ್ನು ಗೋಡೆಗೆ ಕಟ್ಟಿ ಅದರ ಮೇಲೆ ಬಿಡಿ. ಪಂಚೆ ಗಾಳಿಗೆ ಅಲುಗಿದಾಗ ಚಿತ್ರವೂ ಅಲುಗುತ್ತದೆ. ಆಂಟೆನಾ ತಿರುಗಿಸುತ್ತಿದ್ದ ಕಾಲದ ಚಿತ್ರಕ್ಕೆ ಅದು ಬಹಳ ಹತ್ತಿರ. ತಿನ್ನಲು ದಾವಣಗೆರೆಯಿಂದ ತಂದ ಖಾರ ಮಂಡಕ್ಕಿ ಇರಲಿ. ಒಂದು ರಾತ್ರಿಗೆ ಒಂದೇ ಕಂತು. ಮಕ್ಕಳು ಎಷ್ಟು ಗೋಗರೆದರೂ ಎರಡನೆಯದನ್ನು ಹಾಕಬೇಡಿ, ಇಡೀ ಪ್ರವಾಸದ ಗುಟ್ಟು ಅದರಲ್ಲಿದೆ. 1993ರಿಂದ ಕೇಬಲ್ಲಿನಲ್ಲಿ ಬಂದ ‘ಝೀ ಹಾರರ್ ಶೋ’, 1995ರಲ್ಲಿ ಆರಂಭವಾದ ‘ಆಹಟ್’ ಇವುಗಳ ಬಗ್ಗೆ ನಿಮಗೂ ತಮ್ಮನವರಿಗೂ ಮೋಹವಿರಬಹುದು. ಹತ್ತು ವರ್ಷದ ಮಗುವಿಗೆ ಅವು ಬೇಡವೆಂಬುದು ನನ್ನ ಅಭಿಪ್ರಾಯ. ಮಕ್ಕಳು ಮಲಗಿದ ಮೇಲೆ ಅಣ್ಣತಮ್ಮಂದಿರು ನೋಡಿಕೊಳ್ಳಿ.

ಎರಡನೆಯ ದಿನ ಹೊಳಲ್ಕೆರೆಯ ಕಡೆಯಿಂದ ಸಂತೇಬೆನ್ನೂರಿಗೆ ಹೋಗಿ. ಅಲ್ಲಿಯ ಪುಷ್ಕರಣಿಯ ನಡುವಿನ ಮಂಟಪವನ್ನು ನೆತ್ತಿಯ ಬಿಸಿಲಿನಲ್ಲಿ ನೋಡಿದರೆ ಅದೊಂದು ಸುಂದರ ಕಟ್ಟಡ, ಅಷ್ಟೆ; ಅರ್ಧ ಗಂಟೆ ಸಾಕು. ಅಲ್ಲಿಂದ ಸೂಳೆಕೆರೆಗೆ ಸಾಗಿ. ಈಗ ಶಾಂತಿಸಾಗರವೆಂದು ಫಲಕಗಳಲ್ಲಿರುವ ಈ ಕೆರೆಯನ್ನು ಜನ ಇಂದಿಗೂ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಇಷ್ಟು ದೊಡ್ಡ ನೀರನ್ನು ಹಿಡಿದಿರುವ ಏರಿ ಅಚ್ಚರಿಯಾಗುವಷ್ಟು ಗಿಡ್ಡ. ಎರಡು ಗುಡ್ಡಗಳ ನಡುವಿನ ಕಿರಿದಾದ ಬಾಯಿಯನ್ನು ಮುಚ್ಚಿ ಕಟ್ಟಿದ್ದರಿಂದ ಅದು ಸಾಧ್ಯವಾಗಿದೆ. ಏರಿಯ ಬಳಿ ಸಿದ್ದೇಶ್ವರನ ಗುಡಿಯಿದೆ. ಈ ನೀರಿನ ಅಡಿಯಲ್ಲಿ ಸ್ವರ್ಗಾವತಿ ಎಂಬ ಪಟ್ಟಣ ಮುಳುಗಿದೆ, ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಿ ಕೊನೆಗೆ ಇದಕ್ಕೇ ಹಾರವಾದಳು ಎಂಬ ಕಥೆಯನ್ನು ಸುತ್ತಲಿನ ಹಳ್ಳಿಗಳಲ್ಲಿ ಒಂದೊಂದು ಊರಿಗೆ ಒಂದೊಂದು ಬಗೆಯಾಗಿ ಹೇಳುತ್ತಾರೆ.

ಎರಡನೆಯ ದಿನದ ಮುಸ್ಸಂಜೆ ಇಲ್ಲಿಗೆ ಮೀಸಲು, ಮತ್ತು ಇಲ್ಲಿ ಕಥೆ ಹೇಳಬೇಕಾದವರು ಅಪ್ಪಾಜಿ. ನಿಮ್ಮ ಇಡೀ ತಂಡದಲ್ಲಿ ಟೀವಿ ಬರುವುದಕ್ಕೆ ಮುಂಚಿನ ಭಯವನ್ನು ಬಲ್ಲವರು ಅವರೊಬ್ಬರೇ. ಕೊಳ್ಳಿದೆವ್ವ, ಹುಣಿಸೆಮರದ ಮೋಹಿನಿ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿದ ದಿನಗಳು, ಇವೆಲ್ಲ ಅವರ ಬಳಿ ಇರುತ್ತವೆ. ಹೊರಡುವ ವಾರ ಮೊದಲೇ ಅವರನ್ನು ಕೇಳಿ ಒಪ್ಪಿಸಿಟ್ಟುಕೊಳ್ಳಿ, ಕಾರಿನಲ್ಲಿ ಇದ್ದಕ್ಕಿದ್ದಂತೆ ಹೇಳಿ ಎಂದರೆ ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ನೀರಿನ ಮೇಲೆ ಬೆಳಕು ಆರುತ್ತಿರುವಾಗ ಮುಳುಗಿದ ಪಟ್ಟಣದ ಕಥೆ ಅವರ ಬಾಯಿಂದ ಬರಲಿ. ಏರಿಯ ಅಂಚಿನಲ್ಲಿ ಮಕ್ಕಳ ಮೇಲೆ ಕಣ್ಣಿರಲಿ. ನಂಟರ ಮನೆ ಚನ್ನಗಿರಿಯಲ್ಲಿದ್ದರೆ ಅಲ್ಲಿಯೇ ಉಳಿಯಿರಿ, ಇಲ್ಲವಾದರೆ ಶಿವಮೊಗ್ಗಕ್ಕೆ ಒಂದು ಗಂಟೆಯ ದಾರಿ. ನಾಲ್ಕು ದಿನಗಳಲ್ಲಿ ಕತ್ತಲಲ್ಲಿ ಕಾರು ಓಡಿಸಲು ನಾನು ಒಪ್ಪುವುದು ಈ ಒಂದು ಗಂಟೆಗೆ ಮಾತ್ರ, ಅದೂ ಊರುಗಳ ನಡುವಿನ ರಸ್ತೆಯಾದ್ದರಿಂದ.

ಮೂರನೆಯ ದಿನ ನಿಜವಾದ ಧಾರಾವಾಹಿಯ ನೆಲ. ಶಿವಮೊಗ್ಗದಿಂದ ಸಾಗರದ ಕಡೆಯ ರೈಲುಮಾರ್ಗದಲ್ಲಿರುವ ಅರಸಾಳು ನಿಲ್ದಾಣ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ನಲ್ಲಿ ಮಾಲ್ಗುಡಿಯ ನಿಲ್ದಾಣವಾಗಿತ್ತು. ಪಾಳುಬಿದ್ದಿದ್ದ ಹಳೆಯ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಆ ಕೆಲಸದಲ್ಲಿ ತೊಡಗಿದ್ದರು. ಅಲ್ಲಿಂದ ರಿಪ್ಪನ್‌ಪೇಟೆ, ತೀರ್ಥಹಳ್ಳಿ ದಾಟಿ ಆಗುಂಬೆ ಸೇರಿದರೆ ಆ ಧಾರಾವಾಹಿಯ ಹುಡುಗ ಸ್ವಾಮಿಯ ಮನೆಯಾಗಿದ್ದ ದೊಡ್ಡಮನೆ ಇದೆ. ಅದು ಜನ ವಾಸವಿರುವ ಮನೆ ಎಂಬುದನ್ನು ಮರೆಯದೆ, ಮೊದಲು ಕೇಳಿ, ಚಪ್ಪಲಿ ಬಿಟ್ಟು, ಹೇಳಿದಷ್ಟೇ ಜಾಗದಲ್ಲಿ ಓಡಾಡಿ.

ಮಾಲ್ಗುಡಿಯಲ್ಲಿ ಭಯ ಎಲ್ಲಿದೆ ಎಂದು ನೀವು ಕೇಳಬಹುದು. ಆರ್.ಕೆ. ನಾರಾಯಣ್ ಬರೆದ ಕಥೆಯೊಂದರಲ್ಲಿ ರಾತ್ರಿ ಬಾಡಿಗೆ ಕಾರಿನಲ್ಲಿ ಹೋಗುತ್ತಿರುವಾಗ, ಹಾಳುಗುಡಿಯೊಂದರ ಬಳಿ ಚಾಲಕ ಯಾರನ್ನೋ ತಪ್ಪಿಸಲು ಇದ್ದಕ್ಕಿದ್ದಂತೆ ಕಾರನ್ನು ಬದಿಗೆ ತಿರುಗಿಸುತ್ತಾನೆ. ಗುಡಿಯಿಂದ ಮುದುಕನೊಬ್ಬ ಬಂದು ಅಡ್ಡನಿಂತ ಎನ್ನುತ್ತಾನೆ. ಹಿಂದೆ ಕುಳಿತವನಿಗೆ ಯಾರೂ ಕಂಡಿಲ್ಲ. ಸ್ವಲ್ಪ ಹೊತ್ತಿಗೆ ಆ ಚಾಲಕನೇ ಮುದುಕನ ದನಿಯಲ್ಲಿ ಮಾತಾಡತೊಡಗುತ್ತಾನೆ. ಕಾರಿನಲ್ಲಿ ಹೊರಟವರಿಗೆ ಇದಕ್ಕಿಂತ ಹೊಂದುವ ಕಥೆಯನ್ನು ನಾನು ಕಾಣೆ. ಆಗುಂಬೆಯ ರಾತ್ರಿ, ಹೊರಗೆ ಜೀರುಂಡೆಯ ಸದ್ದು, ಮೊಬೈಲಿಗೆ ಸಿಗ್ನಲ್ ಸಿಕ್ಕರೆ ಸಿಕ್ಕೀತು. ಅಂದು ಪ್ರೊಜೆಕ್ಟರು ಹೊರತೆಗೆಯದೆ ಯಾರಾದರೂ ಒಬ್ಬರು ಈ ಕಥೆಯನ್ನು ಒಂದೇ ದೀಪದಲ್ಲಿ ಗಟ್ಟಿಯಾಗಿ ಓದಲಿ. ಕಾಳಿಂಗ ಸರ್ಪಕ್ಕೆ ಹೆಸರಾದ ಊರು ಅದು, ಊಟವಾದ ಮೇಲೆ ಟಾರ್ಚಿಲ್ಲದೆ ಅಂಗಳಕ್ಕೂ ಇಳಿಯಬೇಡಿ. ಮಳೆಗಾಲದಲ್ಲಿ ಈ ಜಾಗ ಇನ್ನೂ ಚೆನ್ನಾಗಿ ಹೆದರಿಸುತ್ತದೆ, ಆದರೆ ಇಂಬಳ ಮತ್ತು ಘಾಟಿಯ ರಸ್ತೆಗಳ ದೃಷ್ಟಿಯಿಂದ ನೀವು ಡಿಸೆಂಬರ್ ಆರಿಸಿಕೊಂಡದ್ದೇ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಆಗುಂಬೆಯವರೆಗೆ ಹೋದವರು ಘಾಟಿ ಇಳಿದು ಕರಾವಳಿಯಲ್ಲಿ ‘ಗುಡ್ಡದ ಭೂತ’ವನ್ನು ಹುಡುಕುವ ಆಸೆಪಡುತ್ತಾರೆ. ಸದಾನಂದ ಸುವರ್ಣರ ಆ ಧಾರಾವಾಹಿ, ಅದರ ಶೀರ್ಷಿಕೆಗೀತೆ, ಆಗಿನ್ನೂ ಹೊಸಬರಾಗಿದ್ದ ಪ್ರಕಾಶ್ ರೈ ಇವೆಲ್ಲ ನಮ್ಮ ತಲೆಮಾರಿನ ಕನ್ನಡಿಗರಿಗೆ ಮರೆಯಲಾಗದವು. ಆದರೆ ತುಳುನಾಡಿನಲ್ಲಿ ಭೂತ ಎಂದರೆ ದೈವ, ಅದಕ್ಕೆ ನೇಮವಿದೆ, ನಂಬಿ ನಡೆದುಕೊಳ್ಳುವ ಮನೆತನಗಳಿವೆ. ಭೂತಕೋಲವನ್ನು ಹೆದರಿಕೆಯ ಪ್ರದರ್ಶನವೆಂಬಂತೆ ನೋಡಲು ಹೋಗುವುದು ಸರಿಯಲ್ಲ. ಅದಕ್ಕೆ ಬೇರೆಯೇ ಪ್ರವಾಸ, ಬೇರೆಯೇ ಮನಸ್ಸು ಬೇಕು. ಈ ಸಲ ಧಾರಾವಾಹಿಯ ಹಾಡನ್ನು ಕಾರಿನಲ್ಲಿ ಗುನುಗಿ, ಸೂರ್ಯಾಸ್ತದ ಕಟ್ಟೆಯಿಂದ ಕರಾವಳಿಯ ಕಡೆ ನೋಡಿ ಹಿಂತಿರುಗಿ.

ಇನ್ನು ದಾರಿಯುದ್ದಕ್ಕೂ ಮಕ್ಕಳನ್ನು ಮೊಬೈಲಿನಿಂದ ದೂರವಿಡುವ ಉಪಾಯ. ಬೇತಾಳನ ಆಟಕ್ಕೆ ಕಾರಿನಷ್ಟು ಒಳ್ಳೆಯ ಜಾಗವಿಲ್ಲ. ‘ಚಂದಮಾಮ’ ಓದಿ ಬೆಳೆದ ನಿಮಗೆ ನಿಯಮ ಗೊತ್ತೇ ಇದೆ: ಹೊತ್ತವನು ದಾರಿಯಲ್ಲಿ ಮಾತಾಡಕೂಡದು, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳು, ಹೇಳಿದರೆ ಬೇತಾಳ ಮತ್ತೆ ಮರಕ್ಕೆ. ಒಬ್ಬರು ಬೇತಾಳನಾಗಿ ಕಥೆ ಹೇಳಿ ಕೊನೆಯಲ್ಲಿ ಪ್ರಶ್ನೆ ಕೇಳಲಿ. ಮುಂದಿನ ನಿಲುಗಡೆಯವರೆಗೆ ಎಲ್ಲರೂ ಮೌನ. ನಡುವೆ ಬಾಯಿಬಿಟ್ಟವರು ಮುಂದಿನ ಕಥೆಯನ್ನು ಹೊರಬೇಕು. ಕಾರು ಓಡಿಸುವವರನ್ನು ಆಟದಿಂದ ಬಿಡಿ. ಹತ್ತು ವರ್ಷದ ಮಗು ಚಿತ್ರದುರ್ಗ ಮುಟ್ಟುವುದರೊಳಗೆ ಮೂರು ಸಲ ಸೋಲುತ್ತದೆ, ಆಗುಂಬೆಯ ಹೊತ್ತಿಗೆ ನಿಮ್ಮೆಲ್ಲರನ್ನೂ ಸೋಲಿಸುತ್ತದೆ.

ನಾಲ್ಕನೆಯ ದಿನ ತೀರ್ಥಹಳ್ಳಿ, ಶಿವಮೊಗ್ಗ, ಹೊನ್ನಾಳಿ, ಹರಿಹರ ದಾರಿಯಾಗಿ ಮನೆಗೆ. ನೋಡುವುದು ಏನೂ ಬೇಡ, ಬೆಳಿಗ್ಗೆ ಹೊರಟು ಸಂಜೆಯೊಳಗೆ ಸೇರಿಕೊಳ್ಳಿ. ಹೊನ್ನಾಳಿ ದಾಟಿದ ಮೇಲೆ ಬೇತಾಳನ ಕೊನೆಯ ಕಥೆಯನ್ನು ತೆಗೆಯಿರಿ. ಒಬ್ಬ ರಾಜನೂ ಅವನ ಮಗನೂ ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆಗುರುತು ಕಾಣುತ್ತಾರೆ; ದೊಡ್ಡ ಹೆಜ್ಜೆಯವಳನ್ನು ತಂದೆ, ಚಿಕ್ಕ ಹೆಜ್ಜೆಯವಳನ್ನು ಮಗ ಮದುವೆಯಾಗುವುದೆಂದು ಮಾತಾಗುತ್ತದೆ. ಹತ್ತಿರ ಹೋಗಿ ನೋಡಿದರೆ ಅವರು ತಾಯಿ ಮಗಳು, ದೊಡ್ಡ ಹೆಜ್ಜೆ ಮಗಳದು. ಕೊಟ್ಟ ಮಾತಿನಂತೆ ತಂದೆ ಮಗಳನ್ನೂ ಮಗ ತಾಯಿಯನ್ನೂ ಮದುವೆಯಾದರೆ, ಆ ಎರಡು ಜೋಡಿಗಳಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ವಿಕ್ರಮನೇ ಸುಮ್ಮನಾದ ಪ್ರಶ್ನೆ ಇದು. ದಾವಣಗೆರೆಯವರೆಗೆ ಕಾರಿನಲ್ಲಿ ಯಾರೂ ಮಾತಾಡುವುದಿಲ್ಲ, ಅಪ್ಪಾಜಿಯವರನ್ನು ಬಿಟ್ಟು. ಅವರು ಬೆರಳು ಮಡಚಿ ಸಂಬಂಧ ಎಣಿಸುತ್ತಿರುತ್ತಾರೆ.